ಲೇತ್ ಒತ್ತಿದರೆ ಕ್ಯಾಂಟೀನು

ಮೇಲೆ ಒತ್ತಿದರೆ ಕೆಳಗೆ ಬೆಳಗುತ್ತಿತ್ತು. ಚನ್ನಕೇಶವನ ಸಂಕಟಕ್ಕೆ ಇಷ್ಟೇ ಕಾರಣ.

ಹೊಸೂರಿನ ಆ ಕಾರ್ಖಾನೆಗೆ ಕಂಪ್ಯೂಟರ್ ಬಂದು ತಿಂಗಳಾಗಿತ್ತು. ಚನ್ನಕೇಶವ ಬರೆಯುತ್ತಿದ್ದ ಪ್ರೋಗ್ರಾಮಿನಲ್ಲಿ, ಪರದೆಯ ಮೇಲಿನ ಕಾರ್ಖಾನೆಯ ನಕ್ಷೆಯಲ್ಲಿ ಎಲ್ಲಿ ಮೌಸ್ ಒತ್ತಿದರೆ ಅಲ್ಲೇ ಬೆಳಗಬೇಕು. ಆಯುಧಪೂಜೆ ಮುಗಿದೊಡನೆ ಮ್ಯಾನೇಜರು ನೋಡುವವರಿದ್ದರು. ಸರಿಯಿದ್ದರೆ ಚನ್ನಕೇಶವನ ಕೆಲಸ ಖಾಯಂ. ಆದರೆ ನಕ್ಷೆಯಲ್ಲಿ ಮೇಲಿರುವ ಲೇತ್ ಯಂತ್ರ ಒತ್ತಿದರೆ ಕೆಳಗಿನ ಕ್ಯಾಂಟೀನು ಬೆಳಗುತ್ತಿತ್ತು.

"ಗಣಪ್ಪನ ವಾಹನಕ್ಕೆ ಒಂದು ಗರಿಕೆನಾದ್ರೂ ಇಕ್ಕಿದ್ಯೇನಪ್ಪಾ?" ಎಂದಳು ಕಸ ಗುಡಿಸುವ ಪಾಪಮ್ಮ.

"ಮೊದ್ಲು ಕನ್ನಡಕ ಬದಲಾಯ್ಸಲಾ," ಎಂದ ಪಕ್ಕದ ಮೇಜಿನ ವೆಂಕಟಾಚಲ.

ಕೊನೆಗೆ ಚನ್ನಕೇಶವನಿಗೆ ಹೊಳೆಯಿತು. ಪರದೆಯ ಚೌಕಟ್ಟು, ಅಂದರೆ ವಿಂಡೋ, ಎತ್ತರವನ್ನು ಕೆಳಗಿನಿಂದ ಎಣಿಸುತ್ತದೆ. ಅದರೊಳಗಿನ ನಕ್ಷೆ ಮೇಲಿನಿಂದ. ಒಬ್ಬ ನೆಲದಿಂದ, ಇನ್ನೊಬ್ಬ ಸೂರಿನಿಂದ ಅಳೆದರೆ ದೀಪದ ಗೂಡು ಒಂದೇ ಕಡೆ ಸಿಕ್ಕೀತೆ? ಪೂರ್ತಿ ಎತ್ತರದಲ್ಲಿ ಮೌಸಿನ ಎತ್ತರವನ್ನು ಕಳೆಯುವ ಒಂದು ಸಾಲನ್ನು ಪ್ರೋಗ್ರಾಮಿಗೆ ಸೇರಿಸಿದ. ಲೇತ್ ಒತ್ತಿದ, ಲೇತೇ ಬೆಳಗಿತು! ಪಾಪಮ್ಮ ಮೌಸನ್ನು ಬಿಚ್ಚಿಸಿಕೊಂಡು ಹೋಗಿ ಸುತ್ತಿಗೆ, ಸ್ಪ್ಯಾನರುಗಳ ಜೊತೆ ದೇವರ ಮುಂದಿಟ್ಟಳು. ಚನ್ನಕೇಶವ ಮನಸಾರೆ ಕೈಮುಗಿದ.

ಮಂಗಳಾರತಿಯಾಯಿತು. ಕುಂಕುಮ ಹತ್ತಿದ ಮೌಸ್ ಹಿಡಿದು ಮ್ಯಾನೇಜರು ಲೇತ್ ಒತ್ತಿದರು. ಕ್ಯಾಂಟೀನು ಬೆಳಗಿತು.

"ಇದಕ್ಕೂ ಹಸಿವಾಗಿದೆಯೇನ್ರೀ? ಊಟ ಮಾಡ್ಕೊಂಡು ಬರ್ತೀನಿ. ಆಗ್ಲೂ ಹಿಂಗೇ ಇದ್ರೆ ಖಾಯಂ ಮಾತು ಮುಂದಿನ ವರ್ಷಕ್ಕೆ."

ಅವರು ಹೋದೊಡನೆ ವೆಂಕಟಾಚಲ ಬೆವರುತ್ತ ಹತ್ತಿರ ಬಂದ.

"ನೀನು ಒದ್ದಾಡೋದು ನೋಡಕ್ಕಾಗ್ಲಿಲ್ಲ ಕಣ್ಲಾ. ನೀನು ಸರಿಮಾಡಿದ್ದು ಗೊತ್ತಿಲ್ದೆ, ನೀನು ಪೂಜೆಗೆ ಹೋದಾಗ ಎತ್ತರ ಕಳೆಯೋ ಸಾಲು ನಾನೂ ಒಂದು ಸೇರಿಸ್ಬುಟ್ಟೆ. ಒತ್ತಿ ನೋಡಾಣ ಅಂದ್ರೆ ಮೌಸು ದೇವ್ರ ಮುಂದಿತ್ತು."

ಎರಡು ಸಲ ಮಗುಚಿದ ದೋಸೆ ಹಳೆಯ ಮಗ್ಗುಲಿಗೇ ಬಂದಿತ್ತು.

"ಓಗ್ಲಿ ಬುಡು, ಒಂದು ತೆಗೆದ್ರೆ ಸರಿಹೋಯ್ತದೆ. ನೀನು ಉಣ್ಣೋಗು," ಎಂದ ಚನ್ನಕೇಶವ. ವೆಂಕಟಾಚಲನ ಸಾಲು ಎಲ್ಲಿದೆಯೆಂದು ಹುಡುಕುವುದೇಕೆಂದು ತನ್ನದನ್ನೇ ಅಳಿಸಿದ. ಒತ್ತಿದ, ಲೇತ್ ಬೆಳಗಿತು. ದೇವರು ದೊಡ್ಡವನು ಎಂದುಕೊಂಡು ಮ್ಯಾನೇಜರನ್ನು ಕರೆಯಲು ಓಡಿದ.

ಮ್ಯಾನೇಜರು ಬಂದು ಒತ್ತಿದರು. ಕ್ಯಾಂಟೀನು!

ಅವರು ಎದ್ದು ಹೋದರು. ಬಾಗಿಲ ಬಳಿ ಕೈಯಲ್ಲಿ ಲಾಡು ಹಿಡಿದು ನಿಂತಿದ್ದ ವೆಂಕಟಾಚಲ ಕಕ್ಕಾಬಿಕ್ಕಿಯಾದ.

"ಇದ್ಯಾಕ್ಲಾ ಇಂಗಾಯ್ತು? ತಪ್ಪು ನಂದು, ನಿಂಗ್ಯಾಕೆ ಕಷ್ಟ ಅಂತ, ನೀನು ಅವರನ್ನ ಕರೆಯಕ್ಕೆ ಹೋದಾಗ ಬಂದು ನನ್ನ ಸಾಲು ನಾನೇ ತೆಗೆದ್ಬುಟ್ನಲ್ಲಾ!"

ಎರಡು ಸಾಲೂ ಹೋಗಿದ್ದವು. ಚನ್ನಕೇಶವ ಮೇಜಿಗೆ ತಲೆಯಿಟ್ಟ. ಪಾಪಮ್ಮ ಅವನ ಬೆನ್ನು ಸವರಿದಳು.

"ಅಳಬ್ಯಾಡ ಕಣಪ್ಪಾ. ಮುಂದಿನ ವರ್ಸ ಗರಿಕೆ ನಾನೇ ತತ್ತೀನಿ."