ಬುಟ್ಟಿ ಸೇರಿದ ಫಾರ್ಸಿ

ನಿಜಾಮರ ಕಾಲದಲ್ಲಿ ಹೈಸ್ಕೂಲು ಪಾಸಾದವನ ಬಾಯಿಂದ ಒಂದು ಮಾತು ಮಾತ್ರ ಹೊರಡುತ್ತಿರಲಿಲ್ಲ: 'ನನಗೆ ತಿಳಿಯಲಿಲ್ಲ'. ಬೀದರಿನಲ್ಲಿ ನಾವು ಲೆಕ್ಕ, ಭೂಗೋಳ ಕಲಿತದ್ದೆಲ್ಲ ಉರ್ದುವಿನಲ್ಲಿ. ಕನ್ನಡವಿದ್ದದ್ದು ಮನೆಯಲ್ಲಿ ಊಟ ಕೇಳುವುದಕ್ಕೆ, ಜಗಳಾಡುವುದಕ್ಕೆ. ಹೀಗಾಗಿ ಓಣಿಯಲ್ಲಿ ಯಾರಿಗೆ ಕಚೇರಿಯ ಕಾಗದ ಬಂದರೂ ಓದಿ ಹೇಳುವವನು ನಾನೇ. ಕಣ್ಣು ಚೆನ್ನಾಗಿದ್ದ ವಯಸ್ಸಿನಲ್ಲೂ ಇಲ್ಲದ ಚಾಳೀಸು ಸರಿಪಡಿಸಿಕೊಳ್ಳುವವನಂತೆ ಮೂಗು ಮುಟ್ಟಿಕೊಂಡು ಓದುತ್ತಿದ್ದೆ. ನೆನೆದರೆ ಈಗ ನಾಚಿಕೆಯಾಗುತ್ತದೆ. ಮುಂದೆ ಹೇಳುವುದಕ್ಕೆ ಇನ್ನೂ ಹೆಚ್ಚು.

ಮದುವೆಯಾದ ಹೊಸದರಲ್ಲಿ ಭಾತಂಬ್ರಾದ ನನ್ನ ಮಾವನವರು ಬಟ್ಟೆಗಂಟೊಂದನ್ನು ಬಿಚ್ಚಿ, ಉರ್ದು ಅಕ್ಷರ ತುಂಬಿದ ಹಾಳೆಗಳ ಕಟ್ಟನ್ನು ನನ್ನ ಮುಂದಿಟ್ಟರು. "ಅಳಿಯಾರ, ಅಟ್ಟದ ಮ್ಯಾಲ ಸಿಕ್ಕಾವ್ರಿ. ಹೊಲದ ಕಾಗದ ಏನು, ನೋಡಿ ಹೇಳ್ರಿ," ಎಂದರು. ನೋಡಿದೆ. ಅಕ್ಷರಗಳೆಲ್ಲ ನನ್ನ ಪರಿಚಯದವೇ, ಆದರೆ ಒಂದು ಶಬ್ದವೂ ನನ್ನನ್ನು ಮಾತಾಡಿಸಲಿಲ್ಲ. ಮಾವ, ಅತ್ತೆ, ಬಾಗಿಲ ಹಿಂದೆ ಹೊಸ ಹೆಂಡತಿ ನೀಲಮ್ಮ, ಎಲ್ಲರ ಕಣ್ಣೂ ನನ್ನ ಬಾಯಿಯ ಮೇಲೆ. "ಫಾರ್ಸಿ ಅದರಿ," ಎಂದೆ. "ಭಾಳ ಹಳೇ ಫಾರ್ಸಿ. ಜೋಪಾನ ಇಡ್ರಿ." ಜೋಪಾನ ಮಾಡಲು ಹೈಸ್ಕೂಲು ಕಲಿತವನಿಗಿಂತ ಯಾರು ಬೇಕೆಂದು ಮಾವನವರು ಕಟ್ಟನ್ನು ನನ್ನ ಕೈಗೇ ಕೊಟ್ಟರು. ಅಂದಿನಿಂದ ಅದು ನಮ್ಮ ಟ್ರಂಕಿನಲ್ಲಿ ಮಲಗಿತು. ಪ್ರತಿ ದೀಪಾವಳಿಗೆ ನೀಲಮ್ಮ ಅದಕ್ಕೆ ವಿಭೂತಿ ಹಚ್ಚುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು ಕೈ ಮುಗಿಯುತ್ತಿದ್ದೆ.

ಇಲ್ಲಿ ಸಂಗಪ್ಪ ಮಾಸ್ತರರ ಮಾತು ಹೇಳಬೇಕು. ಔರಾದ ಕಡೆಯ ಡಾಬಕಾದ ಈ ಮಾಸ್ತರರ ಅದ್ಭುತ ಕಥೆಗಳು ಕನ್ನಡದಲ್ಲಿ ಅಚ್ಚಾಗಿ ನಮ್ಮ ಸೀಮೆಗೆಲ್ಲ ಹುಚ್ಚು ಹಿಡಿಸಿದ್ದವು. ಸೊಸೆಯ ಪರ ಸಾಕ್ಷಿ ಹೇಳುವ ಒನಕೆ, ಅತ್ತೆಯನ್ನು ಕೂರಿಸಿಕೊಂಡು ಬೀದರ ಕೋಟೆಯ ಮೇಲೆ ಹಾರುವ ಬೀಸುಕಲ್ಲು! ಅಕ್ಷರ ಬಾರದವರೂ ಓದಿಸಿ ಕೇಳುತ್ತಿದ್ದರು. ಒಮ್ಮೆ ಭಾಲ್ಕಿಯಲ್ಲಿ ಯಾರೋ ಅವರ ಮೊದಮೊದಲ ಕಥೆಗಳ ಬಗ್ಗೆ ಕೇಳಿದಾಗ ಮುದುಕರು ನಿಟ್ಟುಸಿರು ಬಿಟ್ಟರು: "ಹರೇದಾಗ ಬರದದ್ದು ಎಲ್ಲಿ ಬಿಟ್ಟೀನೋ ಗೊತ್ತಿಲ್ರಿ. ಸಾಯೂದ್ರಾಗ ಒಮ್ಮಿ ಕೇಳಿದ್ರ ಸಾಕಿತ್ತು." ಅಲ್ಲಿ ಕೂತಿದ್ದ ನಾನೂ ಎಲ್ಲರೊಡನೆ ನಿಟ್ಟುಸಿರು ಬಿಟ್ಟು ಮನೆಗೆ ಬಂದು ಉಂಡು ಮಲಗಿದೆ.

ಒಂದು ದಿನ ಮನೆಗೆ ಬಂದರೆ ಅಂಗಳದಲ್ಲಿ ಬೋರಲು ಹಾಕಿದ ಗಡಿಗೆಯ ಮೇಲೆ ಹಸಿ ಬುಟ್ಟಿಯೊಂದು ಒಣಗುತ್ತಿದೆ. ಹಳೆಯ ಕಾಗದವನ್ನು ಮೆಂತ್ಯದೊಡನೆ ನೆನಸಿ, ಕುಟ್ಟಿ, ಗಡಿಗೆಗೆ ಬಡಿದು ರೊಟ್ಟಿಬುಟ್ಟಿ ಮಾಡುವುದು ನಮ್ಮ ಹೆಂಗಸರ ಕಲೆ. ಟ್ರಂಕು ತೆರೆದಿತ್ತು.

"ಏ, ಅದು ಫಾರ್ಸಿ!" ಎಂದು ಕೂಗಿದೆ.

"ಇಲಿಗೂ ಫಾರ್ಸಿ ಬರ್ತದ ಕಾಣ್ತದರಿ. ನಿಮ್ಮಕಿಂತ ಭಾಳ ಓದ್ಯಾವ," ಎಂದಳು ನೀಲಮ್ಮ. "ಇಲಿ ತಿಂದ ಕಡೀ ಹಾಳಿಗೋಳಷ್ಟೇ ಕುಟ್ಟೀನಿ. ಉಳಿದಿದ್ರಾಗ ಏನದ ಓದಿ ಹೇಳ್ರಿ, ಬಿಡ್ತೇನಿ. ಇಲ್ಲಂದ್ರ ಇನ್ನೊಂದು ಬುಟ್ಟಿ ಆಗ್ತದ."

ಮಾನ ಉಳಿಸಿಕೊಳ್ಳಬೇಕಲ್ಲ! ಗಂಟಲು ಸರಿಮಾಡಿಕೊಂಡು, ಇದ್ದಬದ್ದ ಗತ್ತನ್ನೆಲ್ಲ ಸೇರಿಸಿ, ಬರೆದಿದ್ದಂತೆಯೇ ಓದಿದೆ: "ಊಂದ ಊರಲಿ ಊಬ ಮದಕೀ ಅದಲೂ..."

ಬುಟ್ಟಿ ಸವರುತ್ತಿದ್ದ ನೀಲಮ್ಮನ ಕೈ ನಿಂತಿತು. "ಮತ್ತೊಮ್ಮಿ ಓದ್ರಿ."

ಓದಿದೆ.

"ಒಂದೂರಲ್ಲಿ ಒಬ್ಬ ಮುದುಕಿ ಇದ್ದಳು! ಅಯ್ಯ ನಿಮ್ಮ, ಫಾರ್ಸಿ ಎಲ್ಲಿದರಿ? ನಮ್ಮವ್ವ ಮಾತಾಡೂ ಮಾತಲ್ಲೇನ್ರಿ ಇದು!"

ಬರೆದ ಪುಣ್ಯಾತ್ಮನಿಗೆ ಆಗ ಉರ್ದು ಅಕ್ಷರ ಮಾತ್ರ ಬರುತ್ತಿದ್ದಿರಬೇಕು. ಮನೆಯ ಮಾತನ್ನು ಸಾಲೆಯ ಅಕ್ಷರದಲ್ಲಿ ಬರೆದಿದ್ದ. ಆ ಲಿಪಿಯಲ್ಲಿ ಅರ್ಧದಷ್ಟು ಸ್ವರಗಳನ್ನು ಓದುವವನೇ ತುಂಬಿಕೊಳ್ಳಬೇಕು. ನಾನು ಉರ್ದು ಶಬ್ದಗಳನ್ನು ಹುಡುಕಿ ಹುಡುಕಿ ಕುರುಡಾಗಿದ್ದೆ. ಅಂದು ನಾನು ಅರ್ಥವಿಲ್ಲದೆ ಓದುತ್ತ ಹೋದೆ, ಅವಳು ಅರ್ಥ ಹೇಳುತ್ತ ಹೋದಳು. ಮುದುಕಿಯ ಬೀಸುಕಲ್ಲು ಸಿಟ್ಟಿಗೆದ್ದು ಹೊಸ್ತಿಲು ಜಿಗಿಯಿತು. ಬರೀ ಹೊಸ್ತಿಲು! ಪಾಪ, ಅದಕ್ಕಿನ್ನೂ ಹಾರಲು ಬರುತ್ತಿರಲಿಲ್ಲ. ಇಬ್ಬರೂ ಮುಖ ಮುಖ ನೋಡಿಕೊಂಡೆವು.

"ನಾ ಸಣ್ಣಾಕಿದ್ದಾಗ ನಮ್ಮಪ್ಪನ ಮನ್ಯಾಗ ಅಟ್ಟದ ಮ್ಯಾಲ ಒಬ್ರು ಸಾಲಿ ಮಾಸ್ತರ ಇದ್ರು," ಎಂದಳು ನೀಲಮ್ಮ ಮೆಲ್ಲಗೆ. "ನಸಿಕ್ಲೆ ಕೋಳಿ ಕೂಗೂದ್ರಾಗ ಅವ್ವ ಬೀಸ್ಲಾಕ ಕುಂತ್ರ, ನಿದ್ದಿ ಕೆಟ್ಟು 'ನಿಮ್ಮ ಕಲ್ಲು ಹಾರಿಹೋಗ್ಲಿ' ಅಂತಿದ್ರು. ಅವ್ರೇ ಸಂಗಪ್ಪ ಮಾಸ್ತರ ಇರಬೇಕ್ರಿ!"

ಬಂಡಿ ಕಟ್ಟಿಸಿಕೊಂಡು ಡಾಬಕಾಕ್ಕೆ ಹೊರಟೆವು. ಹಾದಿಯ ಬುತ್ತಿ ಆ ಹೊಸ ಬುಟ್ಟಿಯಲ್ಲೇ ಇತ್ತು. ಹಾಳೆಗಳು ಕೈಗೆ ಬಂದದ್ದೇ ಮಾಸ್ತರರು ಕಣ್ಣಿನ ಹತ್ತಿರ ಹಿಡಿದರು, ತಮ್ಮದೇ ಅಕ್ಷರ. ಆದರೆ ಮಬ್ಬುಗಣ್ಣಿಗೆ ಓದಲಾಗದು. ಕಟ್ಟೆಯ ಮೇಲೆ ಊರೆಲ್ಲ ಕೂಡಿತು. ನಾನು ಓದಿದೆ, ನೀಲಮ್ಮ ಹೇಳಿದಳು. ಕಲ್ಲು ಹೊಸ್ತಿಲು ಜಿಗಿದಾಗ ಜನ ಶಿಳ್ಳೆ ಹಾಕಿದರು. ಮಾಸ್ತರರು ತೊಡೆ ತಟ್ಟಿ ನಕ್ಕು, ಕಣ್ಣೊರೆಸಿಕೊಂಡು, ಮತ್ತೆ ನಕ್ಕರು. ಯಾರೋ ಹಲಗೆ ಬಾರಿಸಿದರು. ಇನ್ಯಾರೋ ನಮ್ಮಿಬ್ಬರ ಕೊರಳಿಗೂ ಚೆಂಡುಹೂವಿನ ಹಾರ ಹಾಕಿದರು. ಮದುವೆಯಲ್ಲೂ ನನಗೆ ಅಷ್ಟು ಜಂಬವಾಗಿರಲಿಲ್ಲ.

"ಇಷ್ಟು ವರ್ಷ ಎಲ್ಲಿದ್ದುವ್ರಿ ಇವು?" ಎಂದರು ಮಾಸ್ತರರು.

ನೀಲಮ್ಮ ನನ್ನನ್ನೇ ನೋಡಿದಳು. ಹಾರದೊಳಗೇ ಬೆವತೆ. "ನನ್ನ ಟ್ರಂಕಿನಾಗ ಇದ್ದುವ್ರಿ," ಎಂದೆ. "ನನಗ... ತಿಳೀಲಿಲ್ರಿ." ಆ ಮಾತು ಆಡಿದರೂ ಆಕಾಶ ಬೀಳಲಿಲ್ಲ.

"ಇರ್ಲಿ, ಕಲ್ಲು ಮುಂದೇನಾತು?"

"ಕಡೀ ಹಾಳಿ ಇಲ್ರಿ. ಬರದವ್ರು ನೀವೇ ಹೇಳ್ಬೇಕು."

"ಮರ್ತೀನಲ್ಲೋ ತಮ್ಮಾ!"

ನೀಲಮ್ಮ ಬುಟ್ಟಿಯನ್ನು ಮುಂದಿಟ್ಟಳು. ಕತೆಯ ಕೊನೆ ಅದರಲ್ಲಿ ಕಲಸಿಹೋಗಿತ್ತು. ಮಾಸ್ತರರು ಬುಟ್ಟಿಯ ತಳ ಸವರಿ ನೋಡಿದರು, ಒಳಗಿನಿಂದ ಒಂದು ರೊಟ್ಟಿ ಮುರಿದು ಬಾಯಿಗಿಟ್ಟರು. "ಕಲ್ಲು ತಿರುಗಿ ಬಂದು ಹಿಟ್ಟು ಬೀಸ್ಯಾದ ತಾಯಿ," ಎಂದರು. "ಇದೇ ಕೊನಿ. ನಾ ಬರದದ್ದು ಇಷ್ಟು ಚಲೋ ಇದ್ದಿರ್ಲಿಕ್ಕಿಲ್ಲ."

ಅಂದಿನಿಂದ ನಮ್ಮ ಮನೆಯಲ್ಲಿ ನನಗೆ ತಿಳಿಯದ್ದಕ್ಕೆಲ್ಲ 'ಫಾರ್ಸಿ' ಎಂದೇ ಹೆಸರು. ಉಪ್ಪು ಹೆಚ್ಚಾದ ಪಲ್ಯ, ತೆರೆಯದ ಬೀಗ, ಎಲ್ಲವೂ ಫಾರ್ಸಿ. ಈ ತಪ್ಪೊಪ್ಪಿಗೆಯನ್ನು ಬರೆದು ಮುಗಿಸಿ ಮೊದಲು ನೀಲಮ್ಮನಿಗೇ ಓದಿ ಹೇಳಿದೆ. ಅವಳು ಕೊನೆಯವರೆಗೂ ಕೇಳಿ, "ಹಾಳಿ ಚಲೋ ದಪ್ಪ ಅವರಿ," ಎಂದು ಒಳಗೆ ಹೋದಳು. ಮೆಂತ್ಯದ ಡಬ್ಬಿ ತೆರೆದ ಸದ್ದು ಕೇಳಿಸುತ್ತಿದೆ.