ಮಾವನವರ ಕಾಡತೂಸಿನ ಬಾಯಿ

ಗಂಡನ ಮನೆಗೆ ಬಂದ ಹೊಸತರಲ್ಲಿ ಒಂದಾದರೂ ಎಡವಟ್ಟು ಮಾಡದ ಸೊಸೆ ಇರಲಿಕ್ಕಿಲ್ಲ. ಒಬ್ಬಳು ಸಾರಿಗೆ ಎರಡು ಸಲ ಉಪ್ಪು ಹಾಕಿರುತ್ತಾಳೆ, ಇನ್ನೊಬ್ಬಳು ಬೀಗರ ಮುಂದೆ ಗಂಡನನ್ನು ಹೆಸರು ಹಿಡಿದು ಕೂಗಿರುತ್ತಾಳೆ. ಇವೆಲ್ಲ ಜನ ಮರೆಯುವಂಥವು. ನಾನು ಮಾಡಿದ್ದು ಸ್ವಲ್ಪ ದೊಡ್ಡದು. ಸಾವಳಗಿಯ ಆ ಮನೆಗೆ ಕಾಲಿಟ್ಟ ಎಂಟನೆಯ ದಿನ, ಪಡಸಾಲೆಯ ಮೇಜಿಗೆ ಬಿಗಿದಿದ್ದ ಹಿಡಿಕೆಯ ಹಿತ್ತಾಳೆ ಯಂತ್ರವೊಂದನ್ನು ಶಾವಿಗೆ ಒತ್ತುವುದೆಂದು ತಿಳಿದು, ಬಿಚ್ಚಿ, ಹುಣಸೆಹಣ್ಣು ಹಚ್ಚಿ ತಿಕ್ಕಿ ಬಿಸಿಲಿಗೆ ಇಟ್ಟೆ. ಅತ್ತೆ ಬಂದು ನೋಡಿದವರು ಬಾಯಿಗೆ ಸೆರಗು ಹಿಡಿದು ನಕ್ಕರು. ಅದು ಮಾವನವರು ಬಂದೂಕಿನ ಕಾಡತೂಸಿನ ಬಾಯಿ ಮಡಿಸುವ ಯಂತ್ರವಂತೆ. ಹೊಲದಿಂದ ಬಂದ ಮಾವನವರು ಅದನ್ನು ಎತ್ತಿ ಹಿಂದೆಮುಂದೆ ನೋಡಿ, ತಮ್ಮಪ್ಪನ ಕಾಲದಿಂದಲೂ ಇದು ಇಷ್ಟು ಹೊಳೆದಿರಲಿಲ್ಲ ಎಂದರು. ಒಳಗಿನ ಕಬ್ಬಿಣಕ್ಕೆ ಹಿಡಿದ ತುಕ್ಕನ್ನು ಬಿಡಿಸಲು ಅವರು ಎರಡು ದಿನ ಎಣ್ಣೆ ಹಾಕುತ್ತ ಕೂತಿದ್ದರೆಂಬುದು ನನಗೆ ತಿಳಿದದ್ದು ವರ್ಷದ ಮೇಲೆ, ಗಂಡನ ಬಾಯಿಂದ.

ನಾನು ಬನಹಟ್ಟಿಯ ನೇಕಾರರ ಮನೆಯವಳು. ನಮ್ಮಲ್ಲಿ ಸದ್ದೆಂದರೆ ಮಗ್ಗದ ಸದ್ದು. ಅದು ನಿಂತರೆ ಮಾತ್ರ ಹೆದರಿಕೆ. ಇಲ್ಲಿ ನೋಡಿದರೆ ಗೋಡೆಯ ಮೇಲೆ ಕುದುರೆ ಎನ್ನುವ ಎರಡು ಪುಟ್ಟ ಸುತ್ತಿಗೆಗಳು ಮೊಲದ ಕಿವಿಯಂತೆ ಎದ್ದು ನಿಂತ ಜೋಡು ನಳಿಗೆಯ ಬಂದೂಕು. ಕಬ್ಬಿಗೆ ಬೀಳುವ ಕಾಡುಹಂದಿಗಳಿಗಾಗಿ ಮಾವನವರ ಅಪ್ಪ ಲೈಸೆನ್ಸ್ ಮಾಡಿಸಿ ತಂದದ್ದು. ಮಾವನವರು ಅದರಿಂದ ಒಂದು ಹಂದಿಯನ್ನೂ ಕೊಂದವರಲ್ಲ, ಮುಗಿಲಿಗೆ ಹಾರಿಸಿ ಓಡಿಸುತ್ತಿದ್ದರು. ಮುಗಿಲಿಗೇ ಹೊಡೆಯುವುದಾದರೆ ಅಂಗಡಿಯ ಕಾಡತೂಸು ಸಾಲದೇ ಎಂದು ಒಮ್ಮೆ ಕೇಳಿದೆ. ಹಳೆಯ ಬಂದೂಕಿಗೆ ಮನೆಯ ಊಟವೇ ಸೈ ಎಂದರು. ಚುನಾವಣೆ ಬಂದಾಗ ಬಂದೂಕನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕಲ್ಲ, ಆಗ ಅದನ್ನು ಅತ್ತೆಯ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿಕೊಂಡು, ಮಗಳನ್ನು ಗಂಡನ ಮನೆಗೆ ಕಳಿಸುವವರಂತೆ ಹೋಗುತ್ತಿದ್ದರು. ತೇವದ ಕಡೆ ಇಡಬೇಡಿರಿ ಎಂದು ಅಲ್ಲಿನ ಪೊಲೀಸರಿಗೆ ಮೂರು ಸಲ ಹೇಳಿ ಬರುತ್ತಿದ್ದರು.

ಆದಿತ್ಯವಾರ ಮುಂಜಾನೆ ಅವರು ಆ ಯಂತ್ರದ ಮುಂದೆ ಕೂತರೆಂದರೆ ಮನೆಯೇ ಸುಮ್ಮನಾಗುತ್ತಿತ್ತು. ಕಾಗದದ ಕೊಳವೆಯೊಳಗೆ ಮದ್ದು, ಅದರ ಮೇಲೆ ಚರೆ ಎಂಬ ಸಾಸಿವೆಯಷ್ಟು ಸೀಸದ ಗುಂಡು. ಕೊನೆಗೆ ಕೊಳವೆಯ ಅಂಚನ್ನು ಒಳಕ್ಕೆ ಮಡಿಸಿ ಬಿಗಿ ಮಾಡಬೇಕು. ಬಿಗಿಯಾಗದಿದ್ದರೆ ಚರೆ ಜಾರಿ ಹೋಗಿ ಬಂದೂಕು ಠುಸ್ ಎನ್ನುತ್ತದೆ, ಹಂದಿ ತಲೆಯೆತ್ತಿಯೂ ನೋಡುವುದಿಲ್ಲ. ಎಲ್ಲಾ ಇರುವುದು ಬಾಯಿಯ ಬಿಗಿಯಲ್ಲೇ ಎಂದು ಮಾವನವರು ಆಗಾಗ ಹೇಳುತ್ತಿದ್ದರು. ಹೇಳುವಾಗ ನನ್ನ ಕಡೆಗೇ ಯಾಕೆ ನೋಡುತ್ತಿದ್ದರೋ. ನಾನು ಶಾಲೆಯ ಮಾಸ್ತರಣಿ, ದಿನಕ್ಕೆ ಆರು ತಾಸು ಮಾತಾಡಿ ಬದುಕುವವಳು.

ಅತ್ತೆ ತೀರಿಕೊಂಡ ಮರುವರ್ಷ ಕಸ ಹೊಡೆಯುವಾಗ ಕಸಬರಿಗೆಗೆ ಸಾಸಿವೆ ಸಿಗತೊಡಗಿತು. ಒಗ್ಗರಣೆ ಹಾಕುವಾಗ ನಾನೇ ಚೆಲ್ಲಿರಬೇಕೆಂದು ನಾಲ್ಕು ದಿನ ನನ್ನನ್ನೇ ಬೈದುಕೊಂಡೆ. ಐದನೆಯ ದಿನ ಒಂದನ್ನು ಬೆರಳಲ್ಲಿ ಒತ್ತಿದರೆ ಒಡೆಯಲಿಲ್ಲ. ಮಾವನವರ ಡಬ್ಬಿ ತೆರೆದು ನೋಡಿದರೆ ಹೊಸ ಕಾಡತೂಸುಗಳ ಬಾಯಿ ಅರೆಬರೆ ತೆರೆದಿತ್ತು. ಒಂದನ್ನು ಬಗ್ಗಿಸಿದೆ, ಚರೆ ಸುರಿಯಿತು. ಗಂಡನಿಗೆ ಹೇಳಿದೆ. ಅಪ್ಪನ ಕೈ ನಡುಗುತ್ತಿದೆ, ಬಂದೂಕು ಒಪ್ಪಿಸಿಬಿಡುವುದೇ ಒಳ್ಳೆಯದು, ಆದಿತ್ಯವಾರ ಹೇಳುತ್ತೇನೆ ಎಂದರು. ಆ ಆದಿತ್ಯವಾರ ಅವರಿಗೆ ಜಮಖಂಡಿಯಲ್ಲಿ ಕೆಲಸ ಬಂತು. ಮುಂದಿನ ಆದಿತ್ಯವಾರ ತಲೆನೋವು ಬಂತು. ಹೆಂಡತಿಯನ್ನು ಕಳೆದುಕೊಂಡ ಮನುಷ್ಯನಿಗೆ ನಿನ್ನ ಕೈಯೂ ಹೋಯಿತೆಂದು ಯಾವ ಮಗ ತಾನೇ ಹೇಳಿಯಾನು?

ಹಾಗಾಗಿ ನಾನೇ ಕೈಹಾಕಿದೆ. ಮಾವನವರು ಊಟ ಮಾಡಿ ಮಧ್ಯಾಹ್ನ ಮಲಗಿದಾಗ, ರಜೆಯ ದಿನಗಳಲ್ಲಿ, ಬಾಯಿ ಬಿಟ್ಟ ಕಾಡತೂಸುಗಳನ್ನು ಒಂದೊಂದಾಗಿ ತೆಗೆದು, ಚೆಲ್ಲಿದಷ್ಟು ಚರೆ ತುಂಬಿ, ಅಂಚನ್ನು ಯಂತ್ರದಲ್ಲಿ ಮತ್ತೆ ಮಡಿಸಿ ಕೂರಿಸಿದೆ. ಕಡಿದ ಎಳೆ ಹುಡುಕಿ ಗಂಟು ಹಾಕಿ ಬೆಳೆದ ಬೆರಳುಗಳು, ಬೇಗ ಕಲಿತವು. ಎದೆ ಮಾತ್ರ ಕಲಿಯಲಿಲ್ಲ. ಅವರ ಗೊರಕೆ ನಿಂತಾಗಲೆಲ್ಲ ನನ್ನ ಉಸಿರೂ ನಿಲ್ಲುತ್ತಿತ್ತು. ಲೈಸೆನ್ಸ್ ಮಾವನವರ ಹೆಸರಿನಲ್ಲಿ, ಅಪರಾಧ ನನ್ನ ಹೆಸರಿನಲ್ಲಿ. ಶಾಲೆಯಲ್ಲಿ ಕಾಪಿ ಹೊಡೆದ ಮಕ್ಕಳನ್ನು ನಿಲ್ಲಿಸಿ ಪ್ರಾಮಾಣಿಕತೆಯ ಪಾಠ ಹೇಳುವಾಗ ಆ ದಿನಗಳಲ್ಲಿ ನನ್ನ ದನಿ ಸ್ವಲ್ಪ ಸಣ್ಣದಾಗಿತ್ತು.

ಚಳಿಗಾಲದ ಒಂದು ಬೆಳಗ್ಗೆ ಹಂದಿಗಳು ಕಬ್ಬಿಗೆ ಬಿದ್ದವು. ಮಾವನವರು ಬಂದೂಕು ಹಿಡಿದು ಹೊರಟರು, ಹಿಂದೆ ಗಂಡ. ನಾನು ರೊಟ್ಟಿ ಬಡಿಯುವುದನ್ನು ಬಿಟ್ಟು ಕಿವಿಗೊಟ್ಟು ನಿಂತೆ. ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಆಮೇಲೆ ಢಂ ಎಂದಿತು. ಸ್ವಲ್ಪ ತಡೆದು ಇನ್ನೊಂದು. ಬಂದೂಕಿನ ಸದ್ದಿಗೆ ನನ್ನ ಕಣ್ಣಲ್ಲಿ ನೀರು ಬಂದದ್ದು ಅದೇ ಮೊದಲು. ಮಾವನವರು ಮರಳಿ ಬಂದು ಎರಡು ಕಪ್ ಚಹಾ ಕುಡಿದರು, ಹಂದಿಗಳು ಎಷ್ಟು ದೂರ ಓಡಿದವೆಂದು ಓಣಿಗೆಲ್ಲ ಕೇಳುವಂತೆ ಹೇಳಿದರು. ಗಂಡ ನನ್ನ ಮುಖ ನೋಡಿದರು. ನಾನು ಕರಕಾದ ರೊಟ್ಟಿ ನೋಡಿದೆ.

ಮುಂದಿನ ಆದಿತ್ಯವಾರ ಮಾವನವರು ನನ್ನನ್ನು ಕರೆದು, ಯಂತ್ರದ ಆಚೆ ಬದಿಗೆ ಇನ್ನೊಂದು ಕುರ್ಚಿ ಎಳೆದರು. ಒಂದು ಕಾಡತೂಸನ್ನು ಬೆಳಕಿಗೆ ಹಿಡಿದು, "ನಿನ್ನ ಮಡಿಕಿ ಎಡಕ್ಕ ತಿರಗತೈತಿ ನೋಡವ್ವಾ. ನಿಮ್ಮತ್ತಿದು ಬಲಕ್ಕ ತಿರಗತಿತ್ತು" ಎಂದರು.

ನಾನು ಎಡಗೈಯವಳು, ಹಿಡಿಕೆಯನ್ನೂ ಎಡಕ್ಕೇ ತಿರುವಿದ್ದೆ. ಸಿಕ್ಕಿಬಿದ್ದದ್ದಕ್ಕೆ ನಾಚಬೇಕೋ, ಅತ್ತೆಯ ಸುದ್ದಿಗೆ ಬೆರಗಾಗಬೇಕೋ ತಿಳಿಯದೆ, ಅತ್ತೆಯವರೂ ಮಾಡುತ್ತಿದ್ದರೇ ಎಂದು ಕೇಳಿದೆ.

"ಮೂವತ್ತ ವರ್ಷ ಆಕಿನ ಮಾಡಿದ್ಲು. ನಾ ಹೊಲಕ್ಕ ಹೋದ ಮ್ಯಾಲ ಕುಂತು ಎಲ್ಲಾ ಸರಿ ಮಾಡಿ ಇಡಾಕಿ. ಕೈ ನಡಗೂದು ಈಗ ಬಂದದ್ದು. ಖರೆ ಹೇಳಬೇಕಂದ್ರ ನನಗ ಇದು ಮೊದಲಿಂದನೂ ಬರತಿದ್ದಿಲ್ಲ."

ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದೆ.

"ಹೇಳಿದ್ರ ಆಕಿ ಬಿಡತಿದ್ಲು" ಎಂದರು. ಸ್ವಲ್ಪ ಹೊತ್ತು ಯಂತ್ರದ ಹಿಡಿಕೆಯನ್ನು ಸುಮ್ಮನೆ ತಿರುವಿದರು. "ಒಂದ ದಿನ ಹೇಳೂಣಂತ ಇದ್ನಿ. ಅದು ಹಂಗ ಉಳೀತು. ಅದಕ್ಕ ನಿನಗರೆ ಹೇಳಿಬಿಡೂಣು ಅನಿಸ್ತು."

ಆ ದಿನ ಇಬ್ಬರೂ ಎದುರುಬದುರು ಕೂತು ಇದ್ದಷ್ಟು ಕಾಡತೂಸು ಮುಗಿಸಿದೆವು. ಮುಂದಿನ ಚುನಾವಣೆಗೆ ಬಂದೂಕು ಒಪ್ಪಿಸಲು ಹೋದ ಮಾವನವರು, ಅದನ್ನು ಇನ್ನು ಮರಳಿ ಒಯ್ಯುವುದಿಲ್ಲವೆಂದು ತಾವೇ ಅರ್ಜಿ ಬರೆದುಕೊಟ್ಟು ಬಂದರು. ಗಂಡ ಆಡಲಾರದೆ ವರ್ಷಗಟ್ಟಲೆ ನುಂಗಿದ್ದ ಮಾತನ್ನು ಅವರಪ್ಪ ಒಂದು ಸಹಿಯಲ್ಲಿ ಮುಗಿಸಿದ್ದರು. ಸುತ್ತಿಕೊಂಡು ಹೋದ ಸೀರೆಯನ್ನು ಮಾತ್ರ ಮರೆಯದೆ ತಂದು, ಮಡಚಿ, ತಮ್ಮ ದಿಂಬಿನ ಕೆಳಗೆ ಇಟ್ಟುಕೊಂಡರು.

ಅಂದಿನಿಂದ ನನಗೊಂದು ಅನುಮಾನ ಹತ್ತಿದೆ. ದಿನಾ ಬೆಳಗ್ಗೆ ಅಡಿಗೆಮನೆ ಮುಗಿಸಿ, ಗ್ಯಾಸ್ ಬಂದ್ ಮಾಡಿ ನಾನು ಸ್ಕೂಟರ್ ಹತ್ತುತ್ತೇನೆ. ಹತ್ತಿದ ಮೇಲೆಯೇ ನನ್ನ ಗಂಡನಿಗೆ ಕರವಸ್ತ್ರ ಮರೆತದ್ದು ನೆನಪಾಗಿ ಒಳಗೆ ಓಡುತ್ತಾರೆ. ಹದಿನೆಂಟು ವರ್ಷಗಳಿಂದ ಒಂದು ದಿನವೂ ತಪ್ಪದೆ ಮರೆಯುವ ಈ ಮನುಷ್ಯನ ಮರೆವಿನ ಕಥೆಯನ್ನು ನಾನು ಬಂಧುಬಳಗದಲ್ಲೆಲ್ಲ ಹೇಳಿ ನಗಿಸಿದ್ದೇನೆ. ಮೊನ್ನೆ ಅವರು ಒಳಗೆ ಹೋದಾಗ ನಾನೂ ಇಳಿದು, ಕಿಟಕಿಯಿಂದ ಇಣುಕಿದೆ. ಕರವಸ್ತ್ರ ಅವರ ಕಿಸೆಯಲ್ಲೇ ಇತ್ತು. ಅವರು ಬಗ್ಗಿ, ನಾನು ಅರೆಬರೆ ತಿರುವಿ ಬಂದಿದ್ದ ಗ್ಯಾಸಿನ ಗುಂಡಿಯನ್ನು ಪೂರ್ತಿ ಬಂದ್ ಮಾಡುತ್ತಿದ್ದರು.

ನಾನು ಸದ್ದಿಲ್ಲದೆ ಬಂದು ಸ್ಕೂಟರ್ ಮೇಲೆ ಕೂತೆ. ಅವರು ಬಂದಾಗ, ಇವತ್ತೂ ಮರೆತಿರೇನು ಎಂದು ಎಂದಿನಂತೆ ಬೈದೆ.