ಕಡಲ ಮೇಷ್ಟ್ರ ಆನ್‌ಲೈನ್ ಅಂಗಡಿ

ಹೆಜಮಾಡಿಯ ಮೀನಿನವಳ ಮಗನಾದ ನಾನು ಬರೆದ ಲೆಕ್ಕಗಳನ್ನು ಮಣಿಪಾಲದ ಡಾಕ್ಟರುಗಳ ಮಕ್ಕಳು ಬೆವರು ಒರೆಸಿಕೊಂಡು ಬಿಡಿಸುತ್ತಾರೆ. ಸುಳ್ಳು ಅನ್ನುವ ಧೈರ್ಯ ಇದ್ದವರು ಮುಂದೆ ಬನ್ನಿ!

ಕಾಪುವಿನ ಒಂದು ಖಾಸಗಿ ಶಾಲೆಯಲ್ಲಿ ನಾನು ಗಣಿತದ ತಾತ್ಕಾಲಿಕ ಮೇಷ್ಟ್ರು. ತರಗತಿಗೆಂದು ಮಾಡಿದ ಲೆಕ್ಕದ ಹಾಳೆಗಳನ್ನೇ ‘ಕಡಲ ಮೇಷ್ಟ್ರು’ ಎಂಬ ಗುಟ್ಟಿನ ಹೆಸರಿನಲ್ಲಿ ಆನ್‌ಲೈನ್‌ನಲ್ಲಿ ಮಾರಲು ಶುರುಮಾಡಿದ್ದೇ ತಡ, ದಿನಕ್ಕೊಂದು ತಮಾಷೆ. ಶಾಲೆಯಲ್ಲಿ ಮಾತ್ರ ಹೆಡ್ ಟೀಚರ್, “ಮುಂದಿನ ವರ್ಷ ನಿಮ್ಮನ್ನು ಇಟ್ಟುಕೊಳ್ಳುವುದು ಡೌಟು” ಅಂದಿದ್ದರು. ನನ್ನ ಬಾಯಿ ದೊಡ್ಡದಂತೆ!

ಇಪ್ಪತ್ತೊಂದು ಬಂಗುಡೆ

ಹಾಳೆ ಕೊಂಡ ಮಣಿಪಾಲದ ಒಬ್ಬ ತಾಯಿ ಸಿಟ್ಟಿನಲ್ಲಿ ಮೆಸೇಜ್ ಹಾಕಿದರು: “ಇಪ್ಪತ್ತು ಬಂಗುಡೆ ಕೊಂಡರೆ ಚೀಲದಲ್ಲಿ ಎಷ್ಟು? ನಿಮ್ಮ ಉತ್ತರ ಇಪ್ಪತ್ತೊಂದು! ಎಂಥ ಮೇಷ್ಟ್ರು ನೀವು?”

“ಮೇಡಂ, ಇಪ್ಪತ್ತು ಎಣಿಸಿ ಮೇಲೊಂದು ಕೊಸರು ಹಾಕದ ಮೀನಿನವಳನ್ನು ತೋರಿಸಿ, ದುಡ್ಡು ವಾಪಸ್!”

ಸ್ವಲ್ಪ ಹೊತ್ತಿಗೆ ಉತ್ತರ ಬಂತು: “ನಮಗೆ ಮೊನ್ನೆ ಹಾಕಲೇ ಇಲ್ಲ. ಯಾರಿಗೆ ದೂರು ಕೊಡುವುದು?”

ಖಾಲಿಯಾಗದ ಬುಟ್ಟಿ

ಅಮ್ಮನಿಗೆ ಮೊಬೈಲ್ ತೋರಿಸಿದೆ. “ನೋಡಮ್ಮಾ, ಒಂದೇ ಹಾಳೆ. ನಿನ್ನೆಯೂ ಮಾರಿದೆ, ಇವತ್ತೂ ಮಾರಿದೆ.”

“ಮಾರಿದ ಮೇಲೂ ನಿನ್ನ ಹತ್ತಿರವೇ ಉಂಟಾ?”

“ಉಂಟು. ಅದೇ ಮಜಾ!”

“ನಾನು ಮಾರಿದರೆ ಬುಟ್ಟಿ ಖಾಲಿ ಆಗ್ತದೆ ಮಗಾ. ಇದು ಮೋಸ. ಪೊಲೀಸರು ಬರ್ತಾರೆ ನೋಡು!”

ಬೈದು ಒಳಗೆ ಹೋದವಳು ಬಾಗಿಲಿಂದ ತಲೆ ಹಾಕಿ ಮೆಲ್ಲಗೆ ಕೇಳಿದಳು: “ಮೀನನ್ನೂ ಹಾಗೆ ಮಾರ್ಲಿಕ್ಕೆ ಆಗ್ತದಾ?”

ಹೊಸ ಮೇಷ್ಟ್ರು ಬೇಕು

ಒಂದು ದಿನ ಅಂಗಡಿಗೆ ಮೆಸೇಜ್: “ಸರ್, ನಿಮ್ಮ ಹಾಳೆ ನೋಡಿ ಬಹಳ ಖುಷಿಯಾಯ್ತು. ನಮ್ಮ ಕಾಪು ಶಾಲೆಗೆ ಬರ್ತೀರಾ? ಇಲ್ಲಿರುವ ಗಣಿತದವರದ್ದು ಬರೀ ಬಡಾಯಿ, ಅವರನ್ನು ಕೆಲಸದಿಂದ ಬಿಡಿಸ್ಲಿಕ್ಕುಂಟು.” ಕೆಳಗೆ ನಮ್ಮ ಹೆಡ್ ಟೀಚರರ ಹೆಸರು!

ಬಿಡಿಸುವುದು ನನ್ನನ್ನೇ! ಆದರೂ ಬೆರಳು ನಿಲ್ಲಲಿಲ್ಲ: “ಕಾಯಂ ಮಾಡಿದರೆ ಬರ್ತೇನೆ.”

“ಖಂಡಿತ! ಶನಿವಾರ ಬನ್ನಿ, ಶಾಲಾ ಸಮಿತಿಯ ಅಧ್ಯಕ್ಷರೂ ಇರ್ತಾರೆ.”

ಶನಿವಾರ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಆಫೀಸಿಗೆ ನುಗ್ಗಿದೆ.

“ಎಂತ? ಹೊರಗೆ ಹೋಗಿ. ಒಬ್ಬರು ದೊಡ್ಡ ಮೇಷ್ಟ್ರು ಬರ್ಲಿಕ್ಕುಂಟು” ಅಂದರು ಹೆಡ್ ಟೀಚರ್.

“ಬಂದಾಯ್ತಲ್ಲ ಟೀಚರ್, ನಾನೇ.”

“ಇಲ್ಲಿಯೂ ಬಡಾಯಿಯಾ!”

ನಿಂತಲ್ಲಿಂದಲೇ ಅಂಗಡಿಯ ಹೆಸರಿನಲ್ಲಿ ಮೆಸೇಜ್ ಹಾಕಿದೆ: “ಕೂತುಕೊಳ್ಳಲಾ?” ಅವರ ಕೈಯ ಫೋನ್ ಟಿಂಗ್ ಅಂದಿತು. ಓದಿದರು. ನನ್ನ ಮುಖ ನೋಡಿದರು. ಮತ್ತೆ ಓದಿದರು.

ಫೋನಿಗೆ ಇಣುಕಿದ ಅಧ್ಯಕ್ಷರು ಮೇಜು ಗುದ್ದಿ ಗುದ್ದಿ ನಕ್ಕರು. “ಕಾಯಂ ಅಂತ ಒಪ್ಪಿದ್ದು ನೀವೇ ಅಲ್ವಾ ಟೀಚರ್?”

ಆ ದಿನ ನನಗೆ ಕೊಟ್ಟದ್ದು ನನ್ನದೇ ಕೆಲಸ, ಕಾಯಂ ಆಗಿ.